ತೇಲಿ ಬಂದ ಚೂರು

ಮೇಣದಕ್ಕನಿಗೆ ಆ ಹೆಸರು ಸುಮ್ಮನೆ ಬಿದ್ದದ್ದಲ್ಲ. ಹತ್ತೊಂಬತ್ತು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಒಂದೇ ಕೆಲಸ. ಆಸ್ಪತ್ರೆಯಲ್ಲಿ ಜನರ ಮೈಯಿಂದ ತೆಗೆದ ಗಡ್ಡೆಯ ತುಂಡುಗಳನ್ನು ಮೇಣದಲ್ಲಿ ಅಚ್ಚು ಹಾಕಿ, ಮಂಜುಗಡ್ಡೆಯ ಮೇಲೆ ತಣಿಸಿ, ಯಂತ್ರಕ್ಕೆ ಕಚ್ಚಿಸಿ, ಚಕ್ರ ತಿರುಗಿಸುತ್ತಾ ಕೂದಲಿಗಿಂತ ತೆಳ್ಳಗೆ ಹೆರೆಯುವುದು. ಹೆರೆದ ಪದರ ರಿಬ್ಬನ್ನಿನ ಹಾಗೆ ಇಳಿದು ಬರುತ್ತದೆ. ಅದನ್ನು ಬ್ರಷ್ಷಿನ ತುದಿಯಲ್ಲಿ ಎತ್ತಿ ಬೆಚ್ಚಗಿನ ನೀರಿನ ತಟ್ಟೆಯಲ್ಲಿ ತೇಲಿಬಿಟ್ಟರೆ ಸುಕ್ಕು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಗ ಗಾಜಿನ ಪಟ್ಟಿಯನ್ನು ಕೆಳಗಿಂದ ತೂರಿಸಿ ಮೆಲ್ಲಗೆ ಎತ್ತಿಕೊಳ್ಳಬೇಕು. ಬಣ್ಣ ಹಾಕುವುದು, ಸೂಕ್ಷ್ಮದರ್ಶಕದಲ್ಲಿ ನೋಡುವುದು, ಇವರಿಗೆ ಇಂಥದ್ದೇ ಕಾಯಿಲೆ ಎಂದು ಬರೆಯುವುದು ಎಲ್ಲ ಆಮೇಲಿನ ಮಾತು. ಡಾಕ್ಟರುಗಳು ಎಷ್ಟೇ ಓದಿದವರಾಗಿರಲಿ, ಮೇಣದಕ್ಕ ಹೆರೆದು ಕೊಡದಿದ್ದರೆ ಅವರಿಗೆ ನೋಡುವುದಕ್ಕೆ ಏನೂ ಇಲ್ಲ. ಇದನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಅವಳು ಕುರ್ಚಿಯಲ್ಲಿ ಕೂರುವ ಗತ್ತು ನೋಡಿದರೆ ಸಾಕಿತ್ತು.

ಆ ಕೆಲಸದಲ್ಲಿ ಒಂದು ನೇಮ ಉಂಟು. ಒಂದು ಅಚ್ಚು ಮುಗಿದು ಇನ್ನೊಂದನ್ನು ಮುಟ್ಟುವ ಮುಂಚೆ ತೆಳುಕಾಗದದಿಂದ ನೀರಿನ ಮೇಲ್ಮೈ ಒರೆಸಬೇಕು. ಒರೆಸದಿದ್ದರೆ ಹಿಂದಿನವರ ಚೂರೊಂದು ನೀರಿನಲ್ಲಿ ತೇಲುತ್ತಿದ್ದು ಮುಂದಿನವರ ಗಾಜಿಗೆ ಅಂಟಿಕೊಂಡುಬಿಡುತ್ತದೆ. ಒಬ್ಬರ ಕಾಯಿಲೆ ಇನ್ನೊಬ್ಬರ ತಲೆಗೆ! ಹೊಸದಾಗಿ ಸೇರಿದವರು ಇದನ್ನು ಮರೆತರೆ ಮೇಣದಕ್ಕ ಕೂಗಾಡುತ್ತಿರಲಿಲ್ಲ. "ಏನಮ್ಮಾ, ಹೊಟ್ಟೆಗಡ್ಡೆಯೋರನ್ನೂ ಗಂಟಲುಗಡ್ಡೆಯೋರನ್ನೂ ಒಂದೇ ನೀರಲ್ಲಿ ಸ್ನಾನ ಮಾಡಿಸ್ತಿದ್ದೀಯ, ಅವರೇನು ಬೀಗರಾ?" ಎನ್ನುತ್ತಿದ್ದಳು, ಅಷ್ಟೆ. ಮರೆತವರು ಇನ್ನೊಂದು ಸಲ ಮರೆಯುತ್ತಿರಲಿಲ್ಲ. ಅವಳ ಕೈಯಿಂದ ಅಂಥ ತಪ್ಪು ಈ ಹತ್ತೊಂಬತ್ತು ವರ್ಷದಲ್ಲಿ ಒಂದೂ ಆಗಿರಲಿಲ್ಲ.

ಎಂಟು ತಿಂಗಳ ಹಿಂದೆ ಅವಳ ತಂಗಿ ತೀರಿಕೊಂಡಳು. ಮೂವತ್ತನಾಲ್ಕು ಸಾಯುವ ವಯಸ್ಸೇ? ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಒಂದು ಗಂಟು ಕಂಡಿತ್ತು. ಹಲ್ಲಿನದ್ದಿರಬೇಕು ಎಂದುಕೊಂಡು ಆರು ತಿಂಗಳು ಲವಂಗ ಕಚ್ಚಿಕೊಂಡು ಕಾಲ ಕಳೆದಳು. ಅದು ಲಾಲಾಗ್ರಂಥಿಯ ಕ್ಯಾನ್ಸರು. ಬಾಯಲ್ಲಿ ನೀರೂರಿಸುವ ಗ್ರಂಥಿಗೂ ಕ್ಯಾನ್ಸರು ಬರುತ್ತದೆ ಎಂಬುದೇ ಮನೆಯವರಿಗೆ ಗೊತ್ತಿರಲಿಲ್ಲ. ತುಂಡು ಬಂದದ್ದು ಇದೇ ಲ್ಯಾಬಿಗೆ. "ಇದನ್ನ ನೀವು ಮುಟ್ಟಬೇಡಿ, ಬೇರೆಯವರು ಮಾಡ್ತಾರೆ" ಎಂದು ಎಲ್ಲರೂ ಹೇಳಿದರು. "ಬೇರೆಯವರ ಕೈಲಿ ಹರಿದುಹೋದ್ರೆ?" ಎಂದು ಮೇಣದಕ್ಕ ತಾನೇ ಕೂತು ಹೆರೆದಳು.

ಆಪರೇಷನ್ನಿನಲ್ಲಿ ಮುಖದ ನರವನ್ನೂ ತೆಗೆಯಬೇಕಾಯಿತು. ತಂಗಿಯ ಎಡಗಡೆಯ ಮುಖ ಮರಗಟ್ಟಿತು. ನಕ್ಕರೆ ಅರ್ಧ ಮಾತ್ರ ನಗುತ್ತಿತ್ತು. ಆಮೇಲೆ ಕೊಟ್ಟ ರೇಡಿಯೇಷನ್ನಿಗೆ ಬಾಯಿಯ ನೀರು ಬತ್ತಿಹೋಯಿತು. ಗಂಜಿಯೂ ಗಂಟಲಲ್ಲಿ ನಿಲ್ಲುತ್ತಿತ್ತು. ಮಗಳು ಪಕ್ಕದಲ್ಲಿ ಕೂತಾಗ ಮಾತ್ರ ಹೇಗೋ ಎರಡು ಬಿಸ್ಕತ್ತು ಇಳಿಯುತ್ತಿದ್ದವು. ಮಗಳ ಮುಖ ನೋಡಿ ಇಳೀತಿದೆ ಎಂದುಕೊಂಡರು ಮನೆಯವರು. ಹೇಗೆ ಎಂದು ಯಾರೂ ಕೇಳಲಿಲ್ಲ.

ಆ ಮಗಳು ಬಟಾಣಿ. ಹುಟ್ಟಿದಾಗ ಅಷ್ಟು ಚಿಕ್ಕದಿತ್ತು ಎಂದು ಇಟ್ಟ ಹೆಸರು, ಐದು ವರ್ಷವಾದರೂ ಹೋಗಲಿಲ್ಲ. ಅವಳಪ್ಪನ ಕೆಲಸ ಹಡಗಿನ ಮೇಲೆ. ಆರು ತಿಂಗಳಿಗೊಮ್ಮೆ ಬಂದು ಗೊಂಬೆ ಕೊಟ್ಟು, ಮಗುವನ್ನು ತಬ್ಬಿ ಅತ್ತು, ಹೋಗುತ್ತಾನೆ. ಹಾಗಾಗಿ ಬಟಾಣಿ ಈಗ ದೊಡ್ಡಮ್ಮನ ಜೊತೆ, ಅಜ್ಜಿಯ ಜೊತೆ, ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಮೇಣದಕ್ಕನಿಗೆ ಮದುವೆ ಎಂಬುದೊಂದು ಆಗಿರಲಿಲ್ಲ. ಅದರ ಬಗ್ಗೆ ಕೇಳಿ ಕೇಳಿ ಜನರಿಗೇ ಸಾಕಾಗಿ ಸುಮ್ಮನಾಗಿದ್ದರು.

ತಂಗಿ ಹೋದ ದಿನದಿಂದ ಮೇಣದಕ್ಕನ ಕಣ್ಣಲ್ಲಿ ಒಂದು ಹನಿ ನೀರು ಬಂದದ್ದಿಲ್ಲ. ಬಂದ ನೆಂಟರು ಬಾಗಿಲ ಹೊರಗೆ ಹೋಗುವ ಮುಂಚೆಯೇ "ಕಲ್ಲು ಕಣೇ, ಕಲ್ಲು" ಎಂದರು. ಅನ್ನಲಿ. ನೆಂಟರ ಬಾಯಿಗೆ ಬೀಗ ಹಾಕುವವರುಂಟೆ? ಅವಳು ಮೂರನೆಯ ದಿನ ಕೆಲಸಕ್ಕೆ ಹೋದಳು. ಎಂಟು ಗಂಟೆಗೆ ಮೇಣ ಕರಗಿಸಿದಳು, ಒಂದಕ್ಕೆ ಊಟದ ಡಬ್ಬಿ ಬಿಚ್ಚಿದಳು, ಐದಕ್ಕೆ ಬ್ಲೇಡು ತೆಗೆದಿಟ್ಟಳು. ತಿಂದದ್ದರಲ್ಲಿ ಉಪ್ಪಿತ್ತೋ ಸಿಹಿಯಿತ್ತೋ ಕೇಳಿದರೆ ಹೇಳಲಾರಳು. ಒಂದು ದಿನ ಬ್ಲೇಡು ಬೆರಳಿಗೆ ತಾಗಿ ರಕ್ತ ಹರಿಯುತ್ತಿದ್ದರೂ ಪಕ್ಕದವರು ಕಿರುಚಿದ ಮೇಲೆಯೇ ಅವಳಿಗೆ ತಿಳಿದದ್ದು.

ಹೀಗಿರುವಾಗ ಲ್ಯಾಬಿಗೆ ಸಣ್ಣ ಡಾಕ್ಟರು ಬಂದರು. ದೊಡ್ಡ ಡಾಕ್ಟರು ಒಬ್ಬರಿದ್ದದ್ದರಿಂದ ಈಕೆ ಸಣ್ಣ ಡಾಕ್ಟರು. ಇಲ್ಲದಿದ್ದರೆ ಎತ್ತರದಲ್ಲಿ ಈಕೆಯೇ ಒಂದು ಗೇಣು ಹೆಚ್ಚು. ಲಾಲಾಗ್ರಂಥಿಯ ಕ್ಯಾನ್ಸರಿನಲ್ಲಿ ವೈರಸ್ಸಿನ ಪಾತ್ರ ಏನಾದರೂ ಇದೆಯೇ ಎಂದು ಹುಡುಕುವುದು ಅವರ ಕೆಲಸ. ಕಪಾಟಿನ ಹಳೆಯ ಅಚ್ಚುಗಳಲ್ಲಿ ಅರವತ್ತೆರಡನ್ನು ಆರಿಸಿದ್ದರು. ಎಲ್ಲ ಐದು ವರ್ಷಕ್ಕಿಂತ ಹಿಂದಿನವು. ಮೇಣದಕ್ಕ ಹೆರೆದು ಕೊಡಬೇಕು, ವೈರಸ್ ಇದ್ದ ಕಡೆ ನೀಲಿ ಚುಕ್ಕಿ ಏಳುವಂಥ ಬಣ್ಣ ಹಾಕಬೇಕು. ಬಣ್ಣ ಸರಿಯಾಗಿ ಕೆಲಸ ಮಾಡಿದೆಯೋ ಇಲ್ಲವೋ ತಿಳಿಯಲು ಪ್ರತಿ ಸಲವೂ ಮೊದಲು ಒಂದು 'ಸಾಕ್ಷಿ ಅಚ್ಚು' ಹೆರೆಯಬೇಕು. ಯಾರದೋ ಕುತ್ತಿಗೆಯ ಗಂಟು ಅದು, ವೈರಸ್ ತುಂಬಿ ತುಳುಕುವಂಥದ್ದು.

ಟೀ ಕುಡಿಯುತ್ತಾ ಮೇಣದಕ್ಕ ಕೇಳಿದಳು, "ಈ ವೈರಸ್ಸು ಮನುಷ್ಯರಿಗೆ ಎಲ್ಲಿಂದ ಬರುತ್ತೆ ಡಾಕ್ಟ್ರೇ?"

"ಉಗುಳಿಂದ. ನೂರಕ್ಕೆ ತೊಂಬತ್ತು ಜನರ ಮೈಯಲ್ಲಿ ಇದು ಇದ್ದೇ ಇರುತ್ತೆ ಮೇಣದಕ್ಕ. ಚಿಕ್ಕವರಿದ್ದಾಗ್ಲೇ ಬರೋದು. ಮುತ್ತು ಕೊಡ್ತೀವಲ್ಲ, ಎಂಜಲು ಲೋಟದಲ್ಲಿ ಕುಡಿತೀವಿ, ಕೆಲವರು ಅಗಿದು ತಿನ್ನಿಸ್ತಾರೆ, ಹಾಗೆ. ಒಮ್ಮೆ ಬಂದ್ರೆ ಸಾಯೋವರೆಗೂ ಹೋಗಲ್ಲ, ಸುಮ್ಮನೆ ಮಲಗಿರುತ್ತೆ."

ಸಣ್ಣ ಡಾಕ್ಟರು ಅಲ್ಲಿಗೆ ನಿಲ್ಲಿಸಲಿಲ್ಲ. ಲಾಲಾಗ್ರಂಥಿಯ ಒಂದು ಅಪರೂಪದ ಬಗೆಯ ಕ್ಯಾನ್ಸರಿನಲ್ಲಿ ಈ ವೈರಸ್ ಸಿಕ್ಕಿರುವುದು ಖಚಿತ, ಮಿಕ್ಕ ಬಗೆಗಳಲ್ಲಿ ಒಬ್ಬರು ಇದೆ ಎನ್ನುತ್ತಾರೆ, ಇನ್ನೊಬ್ಬರು ಇಲ್ಲ ಎನ್ನುತ್ತಾರೆ, ಸಿಕ್ಕಮಾತ್ರಕ್ಕೆ ಅದೇ ಕಾರಣ ಎನ್ನುವಂತಿಲ್ಲ ಎಂದೆಲ್ಲ ಬಿಡಿಸಿ ಹೇಳಿದರು. ಪಾಪ, ಚೆನ್ನಾಗಿಯೇ ಹೇಳಿದರು. ಆದರೆ ಕೇಳುವ ಕಿವಿ 'ಅಗಿದು ತಿನ್ನಿಸ್ತಾರೆ' ಎಂಬಲ್ಲಿಗೇ ಮುಚ್ಚಿಹೋಗಿತ್ತು.

ಏಕೆಂದರೆ ಮೇಣದಕ್ಕ ಅಗಿದು ತಿನ್ನಿಸಿದವಳು. ಅಪ್ಪ ಹೋದ ಮೇಲೆ ಅಮ್ಮ ಬೇಕರಿಯ ಕೆಲಸಕ್ಕೆ ಸೇರಿದ್ದಳು. ಬೆಳಕು ಹರಿಯುವ ಮುಂಚೆ ಹೋಗಿ ಮಧ್ಯಾಹ್ನ ಬರುವಾಗ ಬ್ರೆಡ್ಡಿನ ಗಟ್ಟಿ ತುದಿಗಳನ್ನು ಚೀಲದಲ್ಲಿ ತರುವಳು. ಮನೆಯಲ್ಲಿ ಹತ್ತು ವರ್ಷದ ಅಕ್ಕ, ಹಲ್ಲು ಬಾರದ ತಂಗಿ. ಹಿಂದಿನ ದಿನದ ಬ್ರೆಡ್ಡಿನ ತುದಿಯನ್ನು ಅಕ್ಕ ಬಾಯಲ್ಲಿಟ್ಟು ನುಣ್ಣಗೆ ಅಗಿದು, ಬೆರಳ ಮೇಲೆ ತೆಗೆದು, ಮಗುವಿನ ಬಾಯಿಗಿಡುತ್ತಿದ್ದಳು. ಮಗು ಇನ್ನೂ ಬೇಕು ಎಂದು ಬಾಯಿ ತೆರೆಯುತ್ತಿತ್ತು. ಹಸಿವಾಗಿದ್ದರೂ ಒಂದು ತುತ್ತನ್ನೂ ತಾನು ನುಂಗದೆ ಇದ್ದದ್ದು ಹತ್ತು ವರ್ಷದ ಹುಡುಗಿಗೆ ದೊಡ್ಡ ಹೆಮ್ಮೆ. ಆ ಹೆಮ್ಮೆಯ ಮೇಲೆಯೇ ಅವಳು ಮೂವತ್ತಮೂರು ವರ್ಷ ಬದುಕಿದ್ದಳು ಎಂದರೂ ತಪ್ಪಿಲ್ಲ.

ಅವತ್ತು ಸಂಜೆ ಮನೆಗೆ ಹೋದವಳೇ ತನ್ನ ಲೋಟ, ತಟ್ಟೆ, ಚಮಚ ಬೇರೆ ಮಾಡಿದಳು. ಬಟಾಣಿ ಓಡಿ ಬಂದು ಕತ್ತಿಗೆ ಜೋತುಬಿದ್ದಾಗ ಮುಖ ತಿರುಗಿಸಿ, ಅವಳ ನೆತ್ತಿಗೆ ಮಾತ್ರ ತುಟಿ ತಾಗಿಸಿದಳು. ಕಚ್ಚಿದ ಬಿಸ್ಕತ್ತನ್ನು ಮಗು ಬಾಯಿಗೆ ಹಿಡಿದರೆ "ಬೇಡ, ಎಂಜಲು" ಎಂದಳು. ನಾಲ್ಕು ದಿನದಲ್ಲಿ ಮಗು ಕಲಿತುಕೊಂಡಿತು. ದೊಡ್ಡಮ್ಮ ಬಂದ ಕೂಡಲೇ ಎದುರು ನಿಂತು ತಲೆ ಬಗ್ಗಿಸಿ ನೆತ್ತಿ ತೋರಿಸುವುದು. ಮಕ್ಕಳು ಏನು ಕಲಿಸಿದರೂ ಕಲಿಯುತ್ತವೆ.

ತಂಗಿಯ ಅಚ್ಚು ಆ ಅರವತ್ತೆರಡರಲ್ಲಿ ಇರಲಿಲ್ಲ. ಐದು ವರ್ಷ ಆಗಿರಲಿಲ್ಲವಲ್ಲ. ಮೇಣದಕ್ಕ ಅದನ್ನು ಮೂರನೇ ಕಪಾಟಿನ ಕೆಳಗಿನ ಖಾನೆಯಿಂದ ತಾನೇ ತೆಗೆದಳು. ಊಟದ ಹೊತ್ತು, ಲ್ಯಾಬಿನಲ್ಲಿ ಯಾರೂ ಇಲ್ಲ. ಸಾಕ್ಷಿ ಅಚ್ಚನ್ನು ಹೆರೆದು ನೀರಿಗೆ ಬಿಟ್ಟಳು, ಗಾಜಿಗೆ ಎತ್ತಿದಳು. ಆಮೇಲೆ ತಂಗಿಯ ಅಚ್ಚನ್ನು ಯಂತ್ರಕ್ಕೆ ಕಚ್ಚಿಸಿದಳು. ಬೆರಳ ಉಗುರಿನಷ್ಟು ಅಗಲದ ಬಿಳಿ ತುಂಡು. ಚಕ್ರ ತಿರುಗಿತು, ರಿಬ್ಬನ್ನು ಬಂತು, ಎಲ್ಲೂ ಹರಿಯಲಿಲ್ಲ. ಅವಳ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಅವಳು ಅಲ್ಲಿರಲಿಲ್ಲ.

ಮಾರನೆಯ ದಿನ, ಹಾಕಿದ ಬಣ್ಣ ಆರಿದ ಮೇಲೆ, ತಂಗಿಯ ಗಾಜನ್ನು ಸೂಕ್ಷ್ಮದರ್ಶಕಕ್ಕಿಟ್ಟು ಕಣ್ಣು ಹಚ್ಚಿದಳು. ಮೊದಲು ಕಂಡದ್ದು ಒಂದು ಮೂಲೆ. ಆ ಮೂಲೆ ತುಂಬ ನೀಲಿ ಚುಕ್ಕಿಗಳು, ಒತ್ತೊತ್ತಾಗಿ. ಮಿಕ್ಕದ್ದನ್ನು ನೋಡುವ ಶಕ್ತಿ ಅವಳಲ್ಲಿ ಇರಲಿಲ್ಲ. ಗಾಜನ್ನು ತೆಗೆದು ಯೋಚನೆಯಿಲ್ಲದೆ ಸಣ್ಣ ಡಾಕ್ಟರ ತಟ್ಟೆಯಲ್ಲಿ ಮಿಕ್ಕವುಗಳ ಜೊತೆ ಸೇರಿಸಿ, ಕೈ ತೊಳೆದುಕೊಂಡು ಕೂತಳು. ಓಹೋ, ಹಾಗಾದರೆ ನಾನೇ, ಎಂದುಕೊಂಡಳು. ಆಮೇಲೆ ಮುಂದಿನ ಅಚ್ಚು ತೆಗೆದುಕೊಂಡಳು.

ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು ಮೂರನೆಯ ದಿನ ಅಮ್ಮನಿಗೆ ಹೇಳಿದಳು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಬಟಾಣಿ ಮೇಜಿನ ಕೆಳಗೆ ಕೂತು ಹಾಳೆಯ ಮೇಲೆ ಹಡಗು ಬರೆಯುತ್ತಿತ್ತು.

"ಅವಳಿಗೆ ಕಾಯಿಲೆ ಬಂದಿದ್ದು ಉಗುಳಿಂದ ಅಮ್ಮಾ. ಅಗಿದು ತಿನ್ನಿಸಿದ್ರೆ ಬರುತ್ತಂತೆ. ನಾನು ಗಾಜಲ್ಲಿ ನೋಡ್ದೆ."

ಅಮ್ಮನ ಕೈ ನಿಂತಿತು. "ಮೂವತ್ತು ವರ್ಷದ ಹಿಂದಿಂದು ಈಗ ಯಾಕೆ ಕೆದಕ್ತೀಯ?"

"ಕೆದಕ್ತಿಲ್ಲ. ಇದ್ದದ್ದು ಹೇಳ್ದೆ."

"ಅಗಿದು ಕೊಡು ಅಂತ ಹೇಳಿದ್ದು ನಾನು. ಹಲ್ಲಿಲ್ಲದ ಕೂಸಿಗೆ ಇನ್ನೇನು ಮಾಡಬೇಕಿತ್ತು? ಹಾಗಿದ್ರೆ ನನ್ನೇ ಹಿಡಿದು ಜೈಲಿಗೆ ಹಾಕು ಹೋಗು!" ಎಂದು ಅಮ್ಮ ಒರೆಸುವ ಬಟ್ಟೆಯನ್ನು ಬಿಸಾಡಿ ಒಳಗಿನ ಕೋಣೆಗೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಬೇಕಾದ್ದಕ್ಕೆ ಮಾತ್ರ ಮಾತು. ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ. ಬಟಾಣಿ ಹಡಗು ಬರೆಯುವುದನ್ನು ಬಿಟ್ಟಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಎರಡು ವಾರ ಕಳೆದು ಒಂದು ಮಧ್ಯಾಹ್ನ ಸಣ್ಣ ಡಾಕ್ಟರು ಕರೆದರು. ಇಬ್ಬರು ಎದುರುಬದುರು ಕೂತು ಒಂದೇ ಗಾಜು ನೋಡುವಂಥ ಸೂಕ್ಷ್ಮದರ್ಶಕ ಅವರದು.

"ಮೇಣದಕ್ಕ, ಅರವತ್ತೆರಡು ಇರಬೇಕಿತ್ತು, ಅರವತ್ತಮೂರು ಇದೆ. ಈ ನಂಬರು ಪಟ್ಟಿಯಲ್ಲಿಲ್ಲ. ಯಾರದ್ದು?"

ಮೇಣದಕ್ಕ ಸುಳ್ಳು ಹೇಳಲಿಲ್ಲ. ಹೇಳುವುದಕ್ಕೆ ತಲೆ ಓಡಬೇಕಲ್ಲ. "ನನ್ನ ತಂಗೀದು. ಚುಕ್ಕಿ ಇದೆ, ನಾನು ನೋಡಿದ್ದೀನಿ. ಚಿಕ್ಕವಳಿದ್ದಾಗ ನಾನೇ ಅಗಿದು ತಿನ್ನಿಸ್ತಿದ್ದೆ" ಎಂದಳು, ಹಾಜರಿ ಹೇಳುವ ದನಿಯಲ್ಲಿ.

ಸಣ್ಣ ಡಾಕ್ಟರು ಬೈಯಲು ಹೊರಟವರು, ಬೈಯದೆ ಆ ಗಾಜನ್ನು ಸೂಕ್ಷ್ಮದರ್ಶಕಕ್ಕಿಟ್ಟರು. "ಕೂತ್ಕೊಳ್ಳಿ. ಕಣ್ಣು ಹಚ್ಚಿ" ಎಂದರು. ಮೇಣದಕ್ಕ ಹಚ್ಚಿದಳು. ಮತ್ತೆ ಅದೇ ಮೂಲೆ, ಅದೇ ನೀಲಿ.

"ಈ ಮೂಲೆ ಬಿಡಿ. ಇಲ್ಲಿ ನೋಡಿ, ನಡುವೆ. ಇದು ನಿಮ್ಮ ತಂಗಿಯ ಗಡ್ಡೆ. ಎಲ್ಲಾದ್ರೂ ಚುಕ್ಕಿ ಇದೆಯಾ?"

ಗಾಜು ಮೆಲ್ಲಗೆ ಸರಿಯಿತು. ಎಲ್ಲೂ ಇರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಸುಕು ಗುಲಾಬಿ, ಅಷ್ಟೆ.

"ಈಗ ಮೂಲೆಗೆ ಬನ್ನಿ. ಈ ಚೂರು ಮಿಕ್ಕದ್ದರ ಜೊತೆ ಕೂತೇ ಇಲ್ಲ, ನೋಡಿ. ಅಂಚು ಮಡಚಿಕೊಂಡಿದೆ. ಇದು ಲಾಲಾಗ್ರಂಥಿಯಲ್ಲ, ಕುತ್ತಿಗೆ ಗಂಟು. ಇದು ನಮ್ಮ ಸಾಕ್ಷಿ ಅಚ್ಚಿನ ಚೂರು." ಆಮೇಲೆ ಕಳ್ಳತನದ ಬಗ್ಗೆ ಕೇಳುವವರಂತೆ ದನಿ ತಗ್ಗಿಸಿ ಕೇಳಿದರು. "ನೀವು... ಅವತ್ತು ನೀರು ಒರೆಸಲಿಲ್ವಾ?"

ಮೇಣದಕ್ಕ ನೆನಪಿಸಿಕೊಂಡಳು. ಸಾಕ್ಷಿ ಅಚ್ಚು, ನೀರು, ಗಾಜು, ತಂಗಿಯ ಅಚ್ಚು. ನಡುವೆ ತೆಳುಕಾಗದ ಎಲ್ಲೂ ಇರಲಿಲ್ಲ. ಹತ್ತೊಂಬತ್ತು ವರ್ಷ ಯಾರು ಯಾರಿಗೋ ಒರೆಸಿದ ಕೈ, ಒಡಹುಟ್ಟಿದವಳಿಗೆ ಒರೆಸಿರಲಿಲ್ಲ.

ಸಣ್ಣ ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. ಆ ಅಚ್ಚನ್ನು ಮತ್ತೊಮ್ಮೆ ಹೆರೆಸಿದರು, ಹೊಸ ಬ್ಲೇಡು, ಹೊಸ ನೀರು. ತಾವೇ ಪಕ್ಕದಲ್ಲಿ ನಿಂತರು. ಎರಡು ದಿನದ ಮೇಲೆ ನೋಡಿದಾಗ ಮೂಲೆಯೂ ಗುಲಾಬಿ, ನಡುವೂ ಗುಲಾಬಿ. ಒಂದು ಚುಕ್ಕಿ ಇಲ್ಲ.

"ನಿಮ್ಮ ತಂಗಿ ಗಡ್ಡೆಯಲ್ಲಿ ಈ ವೈರಸ್ ಇಲ್ಲ ಮೇಣದಕ್ಕ. ಇದ್ದಿದ್ರೂ ಅದು ನಿಮ್ಮಿಂದಲೇ ಬಂತು ಅಂತ ಯಾರಪ್ಪನಿಗೂ ಹೇಳೋಕಾಗಲ್ಲ. ನಾನು ಮೊದಲೇ ಹೇಳಿದ್ನಲ್ಲ?"

"ಹಾಗಾದ್ರೆ ಯಾಕೆ ಬಂತು?"

"ಗೊತ್ತಿಲ್ಲ" ಎಂದರು ಸಣ್ಣ ಡಾಕ್ಟರು. "ನಿಜವಾಗ್ಲೂ ಗೊತ್ತಿಲ್ಲ. ಅರ್ಧ ದಿನ ರಜಾ ಹಾಕಿ ಮನೆಗೆ ಹೋಗಿ."

ಅವಳು ಹೋದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸಮಾಧಾನ ಆಗುತ್ತದೇನೋ ಎಂದು ಕಾದಳು. ಆಗಲಿಲ್ಲ. ತಪ್ಪು ನಿನ್ನದಲ್ಲ ಎಂದರೆ ಮನುಷ್ಯರಿಗೆ ಹಗುರಾಗಬೇಕು ತಾನೆ? ಅವಳಿಗೆ ಒಳಗೆ ಏನೂ ಅಲುಗಾಡಲಿಲ್ಲ. ಮಗುವಿಗೆ ಇನ್ನು ಮುತ್ತು ಕೊಡಬಹುದು ಎಂಬುದೊಂದು ನೆನಪಾಯಿತು. ಔಷಧಿ ತರುವುದನ್ನು ನೆನಪಿಟ್ಟುಕೊಳ್ಳುವಂತೆ ಅದನ್ನು ನೆನಪಿಟ್ಟುಕೊಂಡಳು.

ಬಟಾಣಿ ಶಾಲೆಯಿಂದ ಬಂದು ಮೇಜಿನ ಮುಂದೆ ಕೂತಿತ್ತು. ಹಾಲಿನ ಲೋಟ, ತಟ್ಟೆಯಲ್ಲಿ ಬಿಸ್ಕತ್ತು. ದೊಡ್ಡಮ್ಮ ಬಂದದ್ದು ಕಂಡ ಕೂಡಲೇ ಕುರ್ಚಿಯಿಂದ ಇಳಿದು, ಎದುರು ನಿಂತು, ತಲೆ ಬಗ್ಗಿಸಿ ನೆತ್ತಿ ತೋರಿಸಿತು.

ಮೇಣದಕ್ಕ ಮಂಡಿಯೂರಿ ಅದರ ಗಲ್ಲ ಹಿಡಿದೆತ್ತಿದಳು. ಮಗು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಿತು.

"ಕೈ ತೆಗಿಯೇ."

"ಊಹೂಂ."

"ಇನ್ಮೇಲೆ ಪರವಾಗಿಲ್ಲ ಕಣೇ."

"ಊಹೂಂ!"

ಏನು ಮಾಡುವುದೋ ತಿಳಿಯದೆ ಮೇಣದಕ್ಕ ತಟ್ಟೆಗೆ ಕೈ ಹಾಕಿ, ಮಗು ಕಚ್ಚಿಟ್ಟಿದ್ದ ಅರ್ಧ ಬಿಸ್ಕತ್ತನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ಮಗು ನಗುತ್ತದೆ, ನನ್ನ ಬಿಸ್ಕತ್ತು ಎಂದು ಜಗಳ ತೆಗೆಯುತ್ತದೆ ಎಂದುಕೊಂಡಿದ್ದಳು. ಮಗುವಿನ ಮುಖ ಬಿಳಿಚಿಹೋಯಿತು.

"ಉಗಿ ದೊಡ್ಡಮ್ಮಾ! ಉಗಿ!" ಎಂದು ಚೀರಿ, ಪುಟ್ಟ ಬೆರಳುಗಳನ್ನು ಅವಳ ಬಾಯೊಳಗೆ ತುರುಕಿ ಬಿಸ್ಕತ್ತನ್ನು ಕೆದಕಿ ತೆಗೆಯತೊಡಗಿತು. "ಅದು ನನ್ನ ಎಂಜಲು! ನೀನೂ ಸತ್ತೋಗ್ತೀಯ!"

ಗಲಾಟೆಗೆ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಮೇಣದಕ್ಕ ಆ ಬೆರಳುಗಳನ್ನು ಹಿಡಿದುಕೊಂಡಳು. "ಯಾರೇ ಹೇಳಿದ್ದು ಹಾಗಂತ?"

"ನೀನೇ ಹೇಳ್ದೆ. ಅಜ್ಜಿಗೆ. ಅಗಿದು ತಿನ್ನಿಸಿದ್ರೆ ಕಾಯಿಲೆ ಬರುತ್ತೆ ಅಂತ." ಮಗು ಬಿಕ್ಕುತ್ತಿತ್ತು. "ಅಮ್ಮನ ಬಾಯಲ್ಲಿ ನೀರು ಇರ್ಲಿಲ್ವಲ್ಲ. ಬಿಸ್ಕತ್ತು ಅಂಟ್ಕೋತಿತ್ತು. ಅದಕ್ಕೇ ನಾನು ಅಗಿದು, ಮೆತ್ತಗೆ ಮಾಡಿ ಕೊಡ್ತಿದ್ದೆ. ಅಮ್ಮ ನುಂಗ್ತಿದ್ಲು. ದಿನಾ ನುಂಗ್ತಿದ್ಲು. ಅದಕ್ಕೇ ಸತ್ತೋದ್ಲು."

ಬಾಗಿಲಲ್ಲಿ ಅಜ್ಜಿ "ಅಯ್ಯೋ ನನ್ನ ಕೂಸೇ" ಎಂದು ಅಲ್ಲೇ ನೆಲಕ್ಕೆ ಕುಸಿದು ಕೂತಳು.

ಎರಡು ವಾರ. ಎರಡು ವಾರ ಈ ಐದು ವರ್ಷದ ಕೂಸು, ನಲವತ್ತನಾಲ್ಕು ವರ್ಷದ ತನಗೇ ಹೊರಲಾಗದ್ದನ್ನು ಹೊತ್ತುಕೊಂಡು ಶಾಲೆಗೆ ಹೋಗಿ ಬಂದು, ದಿನಾ ನೆತ್ತಿ ತೋರಿಸುತ್ತಾ ನಿಂತಿತ್ತು. ಹೊರಿಸಿದವಳು ತಾನು. ಗಾಜನ್ನು ಪೂರ್ತಿ ನೋಡದೆ, ನೀರು ಒರೆಸದೆ.

"ಇಲ್ಲ ಕಣೇ" ಎಂದಳು ಮೇಣದಕ್ಕ. "ನಾನು ತಪ್ಪು ನೋಡಿದ್ದೆ. ಮತ್ತೆ ನೋಡ್ದೆ, ಡಾಕ್ಟ್ರೂ ನೋಡಿದ್ರು. ನಿನ್ನಿಂದ ಅಲ್ಲ." ಆಮೇಲೆ ಬಾಗಿಲ ಕಡೆಗೂ ಕೇಳುವಂತೆ ದನಿ ಏರಿಸಿ ಹೇಳಿದಳು, "ಯಾರಿಂದಾನೂ ಅಲ್ಲ."

"ಆಣೆ?"

"ಆಣೆ. ನೀನು ಕೊಟ್ಟಿದ್ದಕ್ಕೇ ಅವಳು ಅಷ್ಟು ದಿನ ತಿಂದ್ಲು. ನಮ್ಮ ಯಾರ ಕೈಲೂ ತಿನ್ಲಿಲ್ಲ." ತಟ್ಟೆಯಿಂದ ಒಂದು ಇಡೀ ಬಿಸ್ಕತ್ತು ತೆಗೆದು ಮಗುವಿನ ಕೈಗಿಟ್ಟಳು. "ಹೇಗೆ ಕೊಡ್ತಿದ್ದೆ, ತೋರ್ಸು."

ಬಟಾಣಿ ಅವಳ ಮುಖವನ್ನೇ ನೋಡಿತು. ಆಮೇಲೆ ಬಿಸ್ಕತ್ತಿನ ಒಂದು ಮೂಲೆ ಕಚ್ಚಿ, ಹುಬ್ಬು ಗಂಟಿಕ್ಕಿಕೊಂಡು, ಬಹಳ ಹೊತ್ತು ಅಗಿಯಿತು. ಒಂದಿಷ್ಟೂ ನುಂಗಲಿಲ್ಲ. ಬೆರಳ ಮೇಲೆ ತೆಗೆದು, ಇನ್ನೊಂದು ಕೈಯನ್ನು ಕೆಳಗೆ ಹಿಡಿದು, ದೊಡ್ಡಮ್ಮನ ಬಾಯಿಗಿಟ್ಟಿತು.

ಬೆಚ್ಚಗಿತ್ತು. ಸಿಹಿಯಾಗಿತ್ತು. ಮೇಣದಕ್ಕ ನುಂಗಿದಳು, ಮತ್ತು ಎಂಟು ತಿಂಗಳಿಂದ ಬಾರದ ಅಳು ಬಂತು. ನೆಂಟರು ಕೇಳಿದ್ದರೆ ಹೆದರುತ್ತಿದ್ದರು, ಹಾಗೆ ಬಂತು.

ಬಟಾಣಿ ತನ್ನ ಫ್ರಾಕಿನ ಅಂಚಿನಿಂದ ಅವಳ ಕೆನ್ನೆ ಒರೆಸಿತು. "ಅಳಬೇಡ" ಎಂದಿತು. "ಅಮ್ಮನೂ ಮೊದಲನೇದಕ್ಕೆ ಅಳ್ತಿದ್ಲು. ತಾಳು, ಇನ್ನೊಂದು ಮಾಡ್ತೀನಿ."